ದುಂಡು ಮನೆಯ ಮುಂದೆ ಚಾಪೆ ಹೊದ್ದವನು

“ಎಲ್ಲಿ ಕೂತರೆ ಈ ಮನೆ ಪೂರ್ತಿ ಸಿಗುತ್ತೆ?”

ಫಲಾನಿಕೊ ಇದನ್ನು ಯಾರನ್ನೂ ಕೇಳಿದ್ದಲ್ಲ. ಬೆಳಗಿನ ಆರಕ್ಕೆ ಇನ್ನೂ ಹದಿನೈದು ನಿಮಿಷ ಇರುವಾಗ ವೈಸಿನಾ ಊರಿನ ನಡುಬಯಲಲ್ಲಿ ಅವನ ಮಾತು ಕೇಳಲು ಇದ್ದದ್ದು ಎರಡು ಹಂದಿ, ಒಂದು ನಾಯಿ. ಹಂದಿಗಳು ತಲೆ ಎತ್ತಲಿಲ್ಲ. ನಾಯಿ ಮಾತ್ರ ಒಮ್ಮೆ ಆಕಳಿಸಿ, ಆ ಮನೆಯ ಎದುರಿಗೆ, ಸರಿಯಾಗಿ ನಡುವಿನಲ್ಲಿ, ಹೋಗಿ ಮಲಗಿತು. ಫಲಾನಿಕೊ ಅದನ್ನೇ ಉತ್ತರವೆಂದು ತಿಳಿದು ನಾಯಿಯನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂತ. ಆಮೇಲೆ ಆದದ್ದಕ್ಕೆಲ್ಲ ಜನ ಯಾರ್ಯಾರನ್ನೋ ದೂರುತ್ತಾರೆ. ನಾನು ನಾಯಿಯನ್ನು ದೂರುತ್ತೇನೆ.

ಫಲಾನಿಕೊ ನಮ್ಮೂರಿನವನು. ಆಪಿಯಾ ಪೇಟೆಯಲ್ಲಿ ಮೊಳೆ, ತಗಡು, ತಂತಿ ಮಾರುವ ಅಂಗಡಿಯೊಂದರ ಗುಮಾಸ್ತ. ಆಕ್ಲೆಂಡಿನಲ್ಲಿರುವ ತಮ್ಮ ತಾನು ಬಳಸಿ ಬೇಸತ್ತ ಕ್ಯಾಮೆರಾ ಒಂದನ್ನು ಕಳಿಸಿಕೊಟ್ಟ ದಿನದಿಂದ ಇವನ ನಡಿಗೆಯೇ ಬದಲಾಗಿತ್ತು. ಯಾವ ಕಟ್ಟಡ ಕಂಡರೂ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಅಳೆಯುವನು. ಒಂದು ಭಾನುವಾರ ಆರಾಧನೆ ಮುಗಿದು ಊರೆಲ್ಲ ಊಟಕ್ಕೆ ಕೂತಾಗ, ಈ ದ್ವೀಪದ ಹನ್ನೆರಡು ಹೆಸರಾಂತ ಕಟ್ಟಡಗಳ ಕ್ಯಾಲೆಂಡರ್ ತರುತ್ತೇನೆ, ಮುದ್ರಣದವರ ಜೊತೆ ಮಾತಾಗಿದೆ, ಎಂದು ಸಾರಿಬಿಟ್ಟ. ಹನ್ನೊಂದು ಆಗಿದ್ದವು. ಏಪ್ರಿಲ್ ತಿಂಗಳ ಚರ್ಚಿನಲ್ಲಿ ಗೋಪುರದ ತುದಿ ಇರಲಿಲ್ಲ. ಆಗಸ್ಟ್ ತಿಂಗಳ ಹಳೆಯ ಮರದ ಕಚೇರಿಯ ಮೂಲೆಯಲ್ಲಿ ಅವನದೇ ಹೆಬ್ಬೆರಳಿತ್ತು. ಡಿಸೆಂಬರಿಗೆ ಮಾತ್ರ ವೈಸಿನಾದ ಮುಖಂಡರಾದ ತೊಫಾಮಾಲು ಒಡೆಯರ ದುಂಡು ಮನೆಯೇ ಬೇಕೆಂದು ಹಟ ಹಿಡಿದಿದ್ದ. ಗೋಡೆಯಿಲ್ಲ, ಒಂದೇ ಒಂದು ಮೊಳೆಯಿಲ್ಲ. ಇಪ್ಪತ್ತೆಂಟು ಕಂಬ, ತೆಂಗಿನ ನಾರಿನ ಹುರಿಯಲ್ಲೇ ಬಿಗಿದ ತೊಲೆಗಳು, ಕವುಚಿದ ದೋಣಿಯಂಥ ಸೋಗೆ ಮಾಡು. ಮೊಳೆ ಮಾರುವವನಿಗೆ ಮೊಳೆಯಿಲ್ಲದ ಮನೆಯ ಮೇಲೆ ಮೋಹ ಬಂದರೆ ಅದನ್ನು ದೈವೇಚ್ಛೆ ಎನ್ನದೆ ಇನ್ನೇನೆನ್ನೋಣ.

ಇಂಥ ಮನೆಯ ಫೋಟೊ ತೆಗೆಯುವ ಮುಂಚೆ ಒಡೆಯರಿಗೆ ಹೇಳಿಕಳಿಸಿ, ಕೂತು, ನಾಲ್ಕು ಮಾತಾಡಿ, ಅಪ್ಪಣೆ ಪಡೆಯುವುದು ಕ್ರಮ. ಅಷ್ಟರಲ್ಲಿ ಬೆಳಕು ಹೋಗಿಬಿಡುತ್ತದೆ ಎಂಬ ಚಿಂತೆ ಇವನದು. ಆದ್ದರಿಂದ ಹಿಂದಿನ ದಿನವೇ ಬಸ್ಸಿನಲ್ಲಿ ಬಂದು, ಪಕ್ಕದೂರಿನ ಸೋಸೆಫಿನಾ ಅತ್ತೆಯ ಮನೆಯಲ್ಲಿ ಮಲಗಿ, ಎಲ್ಲರೂ ಏಳುವ ಮುಂಚೆ ಎದ್ದು ಬಂದಿದ್ದ. ಅವನ ಚೀಲದಲ್ಲಿ ಒಂದು ಮರ್ಯಾದೆ ಚಾಪೆಯೂ ಇತ್ತು. ಕೇದಗೆಯ ಎಳೆ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ, ಎರಡು ವರ್ಷ ಕೂತು ಹೆಣೆದು, ಅಂಚಿಗೆ ಕೆಂಪು ಗರಿ ಕಟ್ಟಿದ ಚಾಪೆ. ಮದುವೆಗೆ, ಸಾವಿಗೆ, ಪಟ್ಟಕ್ಕೆ ಬಿಟ್ಟರೆ ಹೊರಗೆ ತೆಗೆಯುವಂಥದ್ದಲ್ಲ. ಸೋಸೆಫಿನಾ ಅತ್ತೆಯ ಮಗಳ ಮದುವೆಗೆಂದು ಹೆಂಡತಿ ಲೆಪೆಕಾ ಮೂರು ಸಲ ಹೇಳಿ ಕಳಿಸಿದ್ದಳು. ಅತ್ತೆಯ ಮನೆಯಲ್ಲೇ ಉಂಡು, ಅತ್ತೆಯ ದಿಂಬಿನ ಮೇಲೆ ಮಲಗಿ, ಚಾಪೆ ಕೊಡುವುದನ್ನು ಮಾತ್ರ ಮರೆತಿದ್ದ.

ಮನೆಯ ಮಾಡು ಎತ್ತರ. ನಿಂತರೆ ತುದಿ ಸಿಗದು, ಕೂತರೂ ಸಿಗದು. ಫಲಾನಿಕೊ ಕ್ಯಾಮೆರಾವನ್ನು ಗಿಡ್ಡ ಮುಕ್ಕಾಲಿಯ ಮೇಲೆ ಹುಲ್ಲಿಗೆ ತಾಗುವಂತೆ ಇಟ್ಟು, ತಾನು ಮಂಡಿಯೂರಿ ಹಣೆ ನೆಲಕ್ಕೆ ಬರುವಷ್ಟು ಬಾಗಿದ. ಅಷ್ಟರಲ್ಲಿ ಬೆನ್ನ ಹಿಂದೆ ಕಡಲಿಂದ ಸೂರ್ಯ ಎದ್ದು ಕ್ಯಾಮೆರಾದ ಪರದೆಯ ಮೇಲೆಲ್ಲ ಬಿಸಿಲು ಚೆಲ್ಲಿದ. ಏನೂ ಕಾಣದು. ಚೀಲದಲ್ಲಿ ಕೈಯಾಡಿಸಿದ. ಸಿಕ್ಕಿದ್ದನ್ನು ಎಳೆದು ತಲೆಯಿಂದ ಸೊಂಟದವರೆಗೆ ಹೊದ್ದುಕೊಂಡ.

ಹಾಲು ಹಲ್ಲಿನ ಕೂಸಿನಿಂದ ಹಲ್ಲಿಲ್ಲದ ಮುದುಕಿಯವರೆಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಆ ಗಳಿಗೆಯಲ್ಲಿ ಇವನೊಬ್ಬನಿಗೆ ಹೊಳೆಯಲಿಲ್ಲ. ದೊಡ್ಡ ತಪ್ಪು ಮಾಡಿದವನು ಬೆಳಕು ಹರಿಯುವ ಹೊತ್ತಿಗೆ ನೊಂದವರ ಮನೆಯ ಮುಂದೆ ಬಂದು, ಮರ್ಯಾದೆ ಚಾಪೆ ಹೊದ್ದು, ಮಂಡಿಯೂರಿ, ತಲೆ ತಗ್ಗಿಸಿ ಕೂರುತ್ತಾನೆ. ಇದಕ್ಕೆ ಇಫೋಗಾ ಎನ್ನುತ್ತೇವೆ. ಮನೆಯವರು ಎದ್ದು ಬಂದು ಚಾಪೆ ಎತ್ತಿದರೆ ಕ್ಷಮೆಯಾಯಿತು, ಅಲ್ಲಿಗೆ ಎರಡು ಊರಿನ ವೈರ ಮುಗಿಯಿತು. ಎತ್ತದಿದ್ದರೆ ಸಂಜೆಯವರೆಗೂ ಕೂರಬೇಕು. ಎತ್ತುವುದಕ್ಕಿಂತ ಮುಂಚೆ ತಾನಾಗಿಯೇ ಹೊರಗೆ ಬಂದವನಿಗೆ ಏನಾಗುತ್ತದೆ ಎಂದು ಹಿರಿಯರು ಹೇಳಿಲ್ಲ. ಹಾಗೆ ಬಂದವರು ಯಾರೂ ಇಲ್ಲ.

ಮೊದಲು ಪರದೆಯಲ್ಲಿ ಕಂಡದ್ದು ಒಡೆಯರ ಹೆಂಡತಿ. ಕೋಕೋ ಕುದಿಸುವ ಪಾತ್ರೆ ಹಿಡಿದು ಹಿಂದಿನ ಅಡುಗೆ ಮನೆಯಿಂದ ಬಂದ ಆಕೆ ಬಯಲಿನ ಕಡೆ ನೋಡಿ, ಪಾತ್ರೆಯನ್ನು ಅಲ್ಲೇ ಬೀಳಿಸಿ ಒಳಗೆ ಓಡಿದರು. ಬಿದ್ದ ಪಾತ್ರೆ ಚಿತ್ರದ ಅಂದ ಕೆಡಿಸಿತೆಂದು ಫಲಾನಿಕೊಗೆ ಸಿಟ್ಟು ಬಂತು. ಆಮೇಲೆ ಇಪ್ಪತ್ತೆಂಟು ಕಂಬಗಳ ನಡುವೆ ಒಂದೊಂದೇ ತಲೆ. ಆಮೇಲೆ ನಾಲ್ಕು ಜನ ಗಂಡಸರು, ಕೈಯಲ್ಲಿ ತೋಟದ ಮಚ್ಚು, ಮನೆಯ ಮುಂದೆ ಸಾಲಾಗಿ ನಿಂತರು. ಇವರು ಫೋಟೊಕ್ಕೆ ನಿಂತಿದ್ದಾರೆಂದೇ ಅವನು ತಿಳಿದ. “ಸ್ವಲ್ಪ ಎಡಕ್ಕೆ ಸರೀರಿ, ಕಂಬ ಮುಚ್ಚತ್ತೆ” ಎಂದು ಚಾಪೆಯೊಳಗಿಂದಲೇ ವಿನಯವಾಗಿ ಹೇಳಿದನಂತೆ. ಪುಣ್ಯಕ್ಕೆ ಆ ಮಾತು ಕೇದಗೆಯಲ್ಲೇ ಉಳಿಯಿತು. ಹೊರಗಿನವರಿಗೆ ಅಳುವಿನಂತೆ ಕೇಳಿಸಿತು.

“ಬಂದ ನೋಡು ಕೊನೆಗೂ,” ಎಂದಿತು ಒಂದು ದನಿ.

“ಒಬ್ನೇ ಬಂದಿದಾನಲ್ಲ. ಮನೆಯೋರು ಕೈ ಬಿಟ್ರೋ ಏನೋ.”

“ಕಾಲು ಎಷ್ಟು ಸಣ್ಣಗಿದಾವೆ. ಮುರಿಯೋಕೆ ಬಹಳ ಹೊತ್ತು ಬೇಡ.”

ಫಲಾನಿಕೊ ತನ್ನ ಕಾಲುಗಳನ್ನು ಚಾಪೆಯೊಳಗೆ ಎಳೆದುಕೊಂಡ. ಆಗ ಅವನಿಗೆ ಮೈಮೇಲಿರುವುದು ಏನು, ತಾನು ಕೂತಿರುವ ಭಂಗಿ ಯಾವುದು, ಎದುರಿಗಿರುವವರು ಫೋಟೊಕ್ಕೆ ಏಕೆ ನಗುತ್ತಿಲ್ಲ ಎಂಬುದೆಲ್ಲ ಒಟ್ಟಿಗೇ ತಿಳಿಯಿತು. ಕ್ಯಾಮೆರಾದ ಗುಂಡಿಯ ಮೇಲಿದ್ದ ಬೆರಳು ನಡುಗತೊಡಗಿತು. ಬೆರಳು ನಡುಗಿದಾಗಲೆಲ್ಲ ಟಿಕ್ ಎಂದು ಒಂದು ಚಿತ್ರ. ಚಾಪೆಯ ಅಂಚನ್ನು ನಾಲ್ಕು ಬೆರಳು ಎತ್ತಿ, ಸ್ವಾಮಿ, ನಾನು ಬರೀ ಫೋಟೊ, ಎನ್ನಲು ಹೊರಟ. ಮಚ್ಚು ಹಿಡಿದವನೊಬ್ಬ ಒಂದು ಹೆಜ್ಜೆ ಮುಂದಿಟ್ಟ. ಅಂಚು ಇಳಿಯಿತು.

ಒಡೆಯರ ಹೆಂಡತಿ ಕಂಬದ ಮರೆಯಿಂದ ಕೂಗಿ ಹೇಳಿದರು. “ಚಾಪೆ ತೆಗೀಬೇಡ ಕಣಪ್ಪ. ಚಾಪೆ ಒಳಗಿದ್ರೆ ಮನುಷ್ಯ. ಹೊರಗೆ ಬಂದ್ರೆ ಹಂದಿ.”

ಆಕೆ ಹೇಳಿದ್ದು ಕರುಣೆಯಿಂದಲೇ.

ಬಯಲಿಗೆ ಹೆಂಗಸರು ಬಂದು ಕೂತರು. ಅವರ ಮಾತಿನಿಂದಲೇ ತನ್ನ ತಪ್ಪು ಏನೆಂದು ಫಲಾನಿಕೊಗೆ ತಿಳಿದದ್ದು. ಒಡೆಯರ ತಮ್ಮ ಎಸೆಕಿಯಾ ಮೂರು ವಾರದ ಹಿಂದೆ ಶನಿವಾರ ಸಂಜೆ ಒಬ್ಬನೇ ಬರುತ್ತಿದ್ದಾಗ, ರಸ್ತೆಯ ತಿರುವಿನಲ್ಲಿ ಯಾವುದೋ ಗಾಡಿ ಬಡಿದು ಅವನ ಬಲಗಾಲು ಮುರಿದು ನಿಲ್ಲದೆ ಹೋಗಿತ್ತು. ಅಂದಿನಿಂದ ಎಸೆಕಿಯಾ ಈ ದುಂಡು ಮನೆಯ ನಡುವೆ ಮಲಗಿ, ಆ ಗಾಡಿಯವನು ಕೈಗೆ ಸಿಗಲಿ, ಒಂದು ಕಾಲಿಗೆ ಎರಡು ಕಾಲು ಮುರಿಯುತ್ತೇನೆ ಎಂದು ಹೊತ್ತು ಹೊತ್ತಿಗೆ ಗರ್ಜಿಸುತ್ತಿದ್ದನಂತೆ. ಗರ್ಜನೆಗೆ ಹೆದರಿ ಕೋಳಿಗಳು ಬೇರೆ ಕಡೆ ಮೊಟ್ಟೆಯಿಡತೊಡಗಿದ್ದವು ಎಂದು ಒಬ್ಬ ಹೆಂಗಸು ಲೆಕ್ಕಕ್ಕೆ ಸೇರಿಸಿದಳು. ಈ ದಿನ ಮಾತ್ರ, ಗಾಡಿಯವನು ಬಂದು ಕೂತಿದ್ದಾನೆ ಎಂದು ಹೇಳಿದ ಕ್ಷಣ ಎಸೆಕಿಯಾನ ಗರ್ಜನೆ ನಿಂತುಹೋಯಿತು. ಹೊದಿಕೆ ಕೇಳಿದ. ಗೋಡೆಯಿದ್ದ ಮನೆಯಾಗಿದ್ದರೆ ಗೋಡೆಯ ಕಡೆ ತಿರುಗುತ್ತಿದ್ದ. ಅದಿಲ್ಲದ್ದರಿಂದ ಕಂಬದ ಕಡೆ ತಿರುಗಿ ಮಲಗಿದ.

“ಸಿಟ್ಟು ತಲೆಗೇರಿದೆ,” ಎಂದಳೊಬ್ಬಳು. “ಮಾತೇ ಹೊರಡ್ತಿಲ್ಲ. ಈಗ ಎದ್ದು ಬಂದ್ರೆ ಈ ಸಣ್ಣ ಕಾಲಿನೋನು ಉಳಿಯಲ್ಲ.”

ಏಳು ಗಂಟೆಗೆ ಸೋಸೆಫಿನಾ ಅತ್ತೆ ಬಂದರು. ಇಫೋಗಾ ನಡೆದಿದೆ ಎಂದು ಪಕ್ಕದೂರಿಗೂ ಸುದ್ದಿ ಮುಟ್ಟಿತ್ತು. ಅಂಥದ್ದನ್ನು ನೋಡದೆ ಯಾರು ಮನೆಯಲ್ಲಿ ಕೂರುತ್ತಾರೆ. ಆಕೆ ಕೂತಿದ್ದವನನ್ನು ಗುರುತಿಸಲಿಲ್ಲ, ಚಾಪೆಯನ್ನು ಗುರುತಿಸಿದರು. “ಇದು ನನ್ನ ಮಗಳ ಮದುವೆಗೆ ಬರಬೇಕಾದ ಚಾಪೆ. ಲೆಪೆಕಾ ಹೆಣೆದದ್ದು, ಅಂಚಿನ ಗಂಟು ನೋಡ್ರಿ. ನಿನ್ನೆ ರಾತ್ರಿ ನನ್ನ ಮನೇಲಿ ಮೂರು ಸಲ ಸಾರು ಹಾಕಿಸ್ಕೊಂಡು ಉಂಡ, ಒಂದು ಮಾತು ಹೇಳ್ಲಿಲ್ಲ.” ಕೊಲೆಗಾರನಿಗೆ ಉಣಿಸಿದೆನೆಂಬ ನೋವಿಗಿಂತ ಚಾಪೆಯ ನೋವು ಹೆಚ್ಚಾಗಿ, ಲೆಪೆಕಾಗೆ ಫೋನು ಮಾಡಿದರು. ಕೊಲೆಯ ಮಾತು ಎಲ್ಲಿಂದ ಬಂತು ಎಂದು ಕೇಳಬೇಡಿ. ಪಕ್ಕದೂರು ಅರ್ಧ ಮೈಲಿ ದೂರ. ಮುರಿದ ಕಾಲು ಅಲ್ಲಿ ಮುಟ್ಟುವ ಹೊತ್ತಿಗೆ ಹೆಣವಾಗಿತ್ತು.

ಇಫೋಗಾಕ್ಕೆ ಕೂತವನ ಹಿಂದೆ ಅವನ ಊರೇ ಹೋಗಿ ಕೂರುವುದು ಕ್ರಮ. ನಮ್ಮೂರಿನಲ್ಲಿ ಗಂಟೆ ಬಾರಿಸಿದರು. ನಾನು ಚರ್ಚಿನ ಡೀಕನ್. ಸಂಜೆ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಸತ್ಯವೇದದ ವಚನ ಬಾಯಿಪಾಠ ಹೇಳಿಸುವುದಷ್ಟೇ ನನ್ನ ಕೆಲಸ, ಹೆಚ್ಚು ಮಾತಿನವನಲ್ಲ. ಗಂಟೆ ಯಾಕೆಂದು ಕೇಳುವ ಮುಂಚೆಯೇ ಬಸ್ಸಿನೊಳಗಿದ್ದೆ. ಮೂವತ್ತೊಂದು ಜನ, ಹನ್ನೆರಡು ಮರ್ಯಾದೆ ಚಾಪೆ, ಕಾಲು ಕಟ್ಟಿದ ಒಂದು ಹಂದಿ, ಆರು ಪೆಟ್ಟಿಗೆ ಡಬ್ಬಿ ಮೀನು. ದಾರಿಯುದ್ದಕ್ಕೂ ಅವನು ಮಾಡಿದ ತಪ್ಪು ಯಾವುದಿರಬಹುದೆಂಬ ಚರ್ಚೆ. ಕೋಳಿ ಕುಯ್ಯಲೂ ಹೆದರುವವನು ಎಂದು ಲೆಪೆಕಾ ಅಳುತ್ತಿದ್ದಳು. ಸುಮ್ಮನಿರುವವರೇ ಕೊನೆಗೆ ಹೀಗೆ ಮಾಡುವುದು ಎಂದು ಹಿಂದಿನ ಸೀಟಿನಿಂದ ಸಮಾಧಾನ ಬಂತು. ಹೆಬ್ಬೆರಳು ಎತ್ತಿ ಅಳೆಯುವಾಗಲೇ ನನಗೆ ಅನುಮಾನವಿತ್ತು ಎಂದ ಇನ್ನೊಬ್ಬ.

ಸಂತೋಷದಲ್ಲಿದ್ದವರು ಒಬ್ಬರೇ, ಫಲಾನಿಕೊನ ದೊಡ್ಡಪ್ಪ ಸಾಲೆವಾ. ನಮ್ಮೂರ ಪರವಾಗಿ ಸಭೆಯಲ್ಲಿ ಮಾತಾಡುವ ಪಟ್ಟ ಅವರದು. ಮದುವೆಯ ಮಾತು, ಸಾವಿನ ಮಾತು, ಚರ್ಚಿಗೆ ಸುಣ್ಣ ಹೊಡೆಸಿದ ಮಾತು ಎಲ್ಲ ಆಡಿದ್ದರು. ಎಪ್ಪತ್ತೊಂದು ವರ್ಷದಲ್ಲಿ ಒಂದು ಇಫೋಗಾ ಮಾತು ಸಿಕ್ಕಿರಲಿಲ್ಲ. ಕಿಟಕಿಯ ಕಡೆ ತಿರುಗಿ ತುಟಿಯಾಡಿಸುತ್ತ ಕೂತಿದ್ದರು. ತಪ್ಪು ಯಾವುದೆಂದು ತಿಳಿದುಕೊಂಡರೆ ಒಳ್ಳೆಯದಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ತಪ್ಪು ತಿಳಿದರೆ ಮಾತಿಗೆ ಬೇಲಿ ಬೀಳುತ್ತದೆ ಎಂದರು.

ವೈಸಿನಾದ ಬಯಲಿಗೆ ನಾವು ಇಳಿದಾಗ ಒಂಬತ್ತೂವರೆ. ಯಾರೂ ನಮ್ಮ ಕಡೆ ನೋಡಲಿಲ್ಲ, ಯಾರೂ ಬನ್ನಿ ಎನ್ನಲಿಲ್ಲ. ಮಚ್ಚಿನವರು ನಾಲ್ವರಿಂದ ಹನ್ನೊಂದು ಜನ ಆಗಿದ್ದರು. ಒಬ್ಬ ಕಲ್ಲಿನ ಮೇಲೆ ಮಚ್ಚು ಮಸೆಯುತ್ತಿದ್ದ. ಬಯಲಿಡೀ ಆ ಸದ್ದೊಂದೇ. ಫಲಾನಿಕೊನ ಅಕ್ಕಪಕ್ಕ, ಹಿಂದೆ ಸಾಲಾಗಿ ಮಂಡಿಯೂರಿ, ಇಬ್ಬರು ಮೂವರಿಗೊಂದರಂತೆ ಚಾಪೆ ಹೊದ್ದೆವು. ದೊಡ್ಡಪ್ಪ ಅವನ ಬಲಕ್ಕೆ, ಲೆಪೆಕಾ ಎಡಕ್ಕೆ, ನಾನು ನೇರ ಹಿಂದೆ. ನನ್ನ ಮೂಗು ಅವನ ಅಂಗಾಲಿನಿಂದ ಒಂದು ಗೇಣು.

“ಏನ್ರೀ ಮಾಡಿದ್ರಿ?” ಲೆಪೆಕಾ ಬಿಕ್ಕುತ್ತ ಕೇಳಿದಳು.

“ಏನೂ ಇಲ್ಲ ಕಣೆ. ಫೋಟೊ ತೆಗೀತಿದ್ದೆ.”

“ಸಾಯೋ ಹೊತ್ತಲ್ಲಾದ್ರೂ ನಿಜ ಹೇಳ್ರಿ.”

“ದೊಡ್ಡಪ್ಪ, ನೀವಾದ್ರೂ ನಂಬಿ. ಬಿಸಿಲು ಬಿತ್ತು, ಅದಕ್ಕೆ ಚಾಪೆ ಹೊದ್ದೆ. ಯಾರೋ ಗಾಡಿಯೋನು ಇವರ ತಮ್ಮನ ಕಾಲು ಮುರಿದಿದಾನೆ. ನನಗೆ ಗಾಡಿ ಇಲ್ಲ ಅಂತ ನಿಮಗೆ ಗೊತ್ತಲ್ಲ. ಎದ್ದು ಹೇಳಿಬಿಡಿ.”

ದೊಡ್ಡಪ್ಪ ನಂಬಿದರು ಎಂದು ನನಗೆ ಅನ್ನಿಸಿತು, ಉಸಿರಾಟ ಬದಲಾಗಿತ್ತು. ಆಮೇಲೆ ಚಾಪೆಯೊಳಗಿಂದ, ಹಲ್ಲು ಕಚ್ಚಿ, ಒಂದೊಂದೇ ಮಾತು ಬಿಟ್ಟರು.

“ಮೂವತ್ತೊಂದು ಜನ ಮಂಡಿಯೂರಿದೀವಿ. ಹನ್ನೆರಡು ಚಾಪೆ, ಒಂದು ಹಂದಿ. ಈಗ ಎದ್ದು, ನಾವು ತಪ್ಪೇ ಮಾಡಿಲ್ಲ, ಫೋಟೊ ಆಟ ಆಡ್ತಿದ್ವಿ ಅಂದ್ರೆ, ಒಡೆಯರ ಮನೆ ಮುಂದೆ ಇಫೋಗಾನ ಅಣಕ ಮಾಡಿದ ಹಾಗಾಗುತ್ತೆ. ಆಗ ಅವರು ಮುರಿಯೋದು ಬರೀ ನಿನ್ನ ಕಾಲಲ್ಲ. ಬಾಯಿ ಮುಚ್ಕೊಂಡು ತಪ್ಪಿತಸ್ಥನಾಗಿರು.”

ಬಿಸಿಲು ಏರಿತು. ಚಾಪೆಯೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ನಾನು ಬಾಯಿಗೆ ಬಂದ ಪ್ರಾರ್ಥನೆಯ ಸಾಲುಗಳನ್ನೆಲ್ಲ ಹೇಳಿಕೊಂಡೆ. ಸಾಲುಗಳು ಮುಗಿದರೂ ಮಚ್ಚು ಮಸೆಯುವ ಸದ್ದು ಮುಗಿಯಲಿಲ್ಲ. ಮುಂದೆ ಫಲಾನಿಕೊ ನಡುಗಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಅದು ಅವನ ಹಲ್ಲಿನ ಸದ್ದೆಂದು ನಾನು ತಿಳಿದಿದ್ದೆ.

ಹತ್ತೂವರೆಗೆ ದೊಡ್ಡಪ್ಪ ಚಾಪೆಯೊಳಗೇ ಎದೆ ಸೆಟೆಸಿ ಮಾತು ಶುರುಮಾಡಿದರು. ಅಂಥ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ. ಆ ದಿನ ಎಂದರು, ಯಾವ ದಿನವೆಂದು ಹೇಳಲಿಲ್ಲ. ಆ ಕೆಲಸ ಎಂದರು, ಯಾವ ಕೆಲಸವೆಂದು ಹೇಳಲಿಲ್ಲ. ದೋಣಿ ಬಂಡೆಗೆ ತಾಗಿದರೆ ಬಂಡೆಯದು ತಪ್ಪಲ್ಲ, ಕಡಲದು ತಪ್ಪಲ್ಲ, ಹುಟ್ಟು ಹಿಡಿದ ಕೈಯದು ತಪ್ಪು ಎಂದರು. ಆ ಕೈ ಇಗೋ ನಿಮ್ಮ ಹುಲ್ಲಿನ ಮೇಲೆ ಬಿದ್ದಿದೆ, ತುಳಿದರೆ ತುಳಿಯಿರಿ, ಎತ್ತಿದರೆ ಎತ್ತಿರಿ ಎಂದರು. ವೈಸಿನಾದ ಹೆಂಗಸರು ಕಣ್ಣೊರೆಸಿಕೊಂಡರು. ಮಚ್ಚು ಮಸೆಯುವವನ ಕೈ ನಿಧಾನವಾಯಿತು. ನಮ್ಮವರೂ ಅತ್ತರು. ಅಷ್ಟೇಕೆ, ಫಲಾನಿಕೊನೇ ಅಳುತ್ತಿದ್ದ. ತಾನು ಗಾಡಿ ಓಡಿಸಿರಲೂಬಹುದೇ ಎಂದು ಆ ಹೊತ್ತಿಗೆ ಅವನಿಗೇ ಅನುಮಾನ ಬಂದಿತ್ತಂತೆ.

ತೊಫಾಮಾಲು ಒಡೆಯರು ಕಂಬಕ್ಕೆ ಒರಗಿ ಕೂತಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ, ನೊಂದವನು ನನ್ನ ತಮ್ಮ, ಅವನು ಹೇಳಿದಂತೆ ಆಗಲಿ, ಎಂದರು. ಎಸೆಕಿಯಾನನ್ನು ಕರೆದರು. ಹೊಟ್ಟೆನೋವು ಎಂದು ಉತ್ತರ ಬಂತು. ಮತ್ತೆ ಕರೆದರು. ತಲೆಯೂ ಸುತ್ತುತ್ತಿದೆ ಎಂದ. ಮೂರನೆಯ ಸಲ ಅಣ್ಣನ ದನಿ ಬೇರೆಯಾದಾಗ ಎಸೆಕಿಯಾ ಎದ್ದ. ಬಲಗಾಲಿಗೆ ಬಿದಿರಿನ ದಬ್ಬೆ, ಎರಡೂ ಕಂಕುಳಲ್ಲಿ ಊರುಗೋಲು. ಚಾಪೆಯ ಸಂದಿನಿಂದ ನನಗೆ ಕಂಡದ್ದು ಊರುಗೋಲಿನ ತುದಿಗಳು ಮಾತ್ರ, ಹುಲ್ಲಿನ ಮೇಲೆ ಒಂದೊಂದೇ ಗೇಣು ಮುಂದೆ ಬರುತ್ತಿದ್ದವು. ಫಲಾನಿಕೊನ ತಲೆಯ ಹತ್ತಿರ ನಿಂತವು. ಒಂದು ಮೇಲಕ್ಕೆ ಎದ್ದಿತು. ಲೆಪೆಕಾ ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ.

ಏಟು ಬೀಳಲಿಲ್ಲ. ಊರುಗೋಲುಗಳು ಹುಲ್ಲಿನ ಮೇಲೆ ಉರುಳಿದ ಸದ್ದು ಕೇಳಿಸಿತು. ಕಣ್ಣು ಬಿಟ್ಟರೆ ಎಸೆಕಿಯಾ ಮುರಿದ ಕಾಲನ್ನು ನೀಟಾಗಿ ಚಾಚಿ, ನರಳುತ್ತ ನೆಲಕ್ಕಿಳಿದು, ತನ್ನ ದೊಡ್ಡ ತಲೆಯನ್ನು ಫಲಾನಿಕೊನ ಚಾಪೆಯೊಳಗೆ ತೂರಿಸುತ್ತಿದ್ದ. ಇಂಥ ಕೃಪೆಯನ್ನು ಯಾರೂ ಕಂಡಿರಲಿಲ್ಲ. ಒಳಗಿನ ಮಾತು ಯಾರಿಗೂ ಕೇಳಿಸಲಿಲ್ಲ. ನನ್ನ ಕಿವಿ ಮಾತ್ರ ಆ ಚಾಪೆಯ ಅಂಚಿಗೇ ಇತ್ತು.

“ಯಾರಯ್ಯ ನೀನು?” ಎಸೆಕಿಯಾನ ದನಿ ನಮ್ಮ ದನಿಗಿಂತ ಹೆಚ್ಚು ನಡುಗುತ್ತಿತ್ತು.

“ಫಲಾನಿಕೊ ಅಂತ. ಮೊಳೆ ಅಂಗಡಿ ಗುಮಾಸ್ತ. ಅಣ್ಣಾ, ನಿಮ್ಮ ಕಾಲು ಮುರಿದೋನು ನಾನಲ್ಲ.”

“ನೀನಲ್ಲ ಅಂತ ನನಗೆ ಗೊತ್ತು.”

“ಹೇಗೆ ಗೊತ್ತು?”

ಎಸೆಕಿಯಾ ಚಾಪೆಯ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ.

“ಯಾವ ಗಾಡೀನೂ ಬಡೀಲಿಲ್ಲ. ಎಲ್ಲರೂ ಹಾಡಿನ ಅಭ್ಯಾಸಕ್ಕೆ ಹೋದಾಗ ನಮ್ಮ ಪಾದ್ರಿಗಳ ದೀವಿಹಲಸಿನ ಮರ ಹತ್ತಿದ್ದೆ. ಕೊಂಬೆ ಮುರೀತು. ಯಾರ ಹತ್ರಾನೂ ಬಾಯಿ ಬಿಡಬೇಡ. ಒಡೆಯರ ತಮ್ಮ ಪಾದ್ರಿ ತೋಟದಲ್ಲಿ ಕದ್ದ ಅಂದ್ರೆ ಅಣ್ಣ ನನ್ನ ಊರಿಂದ ಓಡಿಸ್ತಾನೆ. ನೀನು ಯಾಕೆ ಬಂದೆ? ಯಾರು ಹೇಳಿದ್ರು ನಿನಗೆ?”

“ಯಾರೂ ಹೇಳ್ಲಿಲ್ಲ. ಮನೆ ಫೋಟೊ ತೆಗೆಯೋಕೆ ಬಂದೆ.”

“ದೇವರೇ,” ಎಂದ ಎಸೆಕಿಯಾ. ಅದು ಪ್ರಾರ್ಥನೆಯೇ ಎಂದು ನಾನು ಸಾಕ್ಷಿ ಹೇಳಬಲ್ಲೆ.

“ನೀವು ಕ್ಷಮಿಸಿದ್ರೆ ನನ್ನ ಕಾಲು ಉಳಿಯುತ್ತೆ ಅಣ್ಣಾ.”

“ನೀನು ಒಪ್ಕೊಂಡ್ರೆ ನನ್ನ ಮಾನ ಉಳಿಯುತ್ತೆ.”

ಎಸೆಕಿಯಾ ತಲೆ ಹೊರಗೆ ತೆಗೆದ. ಮುಖವೆಲ್ಲ ಕಣ್ಣೀರು. ಇವನನ್ನು ನಾನು ಮನಃಪೂರ್ವಕ ಕ್ಷಮಿಸಿದ್ದೇನೆ, ಇನ್ನು ಈ ವಿಷಯವನ್ನು ಯಾರೂ ಯಾವತ್ತೂ ಎತ್ತಬಾರದು, ತನಿಖೆ ಬೇಡ, ಪ್ರಶ್ನೆ ಬೇಡ, ಎಂದು ಗಟ್ಟಿಯಾಗಿ ಹೇಳಿದ. ಮಚ್ಚುಗಳು ಒಂದೊಂದಾಗಿ ಕೆಳಗಿಳಿದವು. ಒಡೆಯರು ಎದ್ದರು. ಬಯಲು ದಾಟಿ ಬಂದು, ಎರಡೂ ಕೈಯಲ್ಲಿ ಫಲಾನಿಕೊನ ಚಾಪೆಯನ್ನು ಎತ್ತಿದರು.

ಟಿಕ್ ಎಂದಿತು.

ಒಡೆಯರು ಹುಲ್ಲಿನ ಮೇಲಿದ್ದ ಕ್ಯಾಮೆರಾವನ್ನು ನೋಡಿದರು. ಕ್ಯಾಮೆರಾ ಒಡೆಯರನ್ನು ನೋಡುತ್ತಿತ್ತು. ಇದೇನು ಎಂದು ಅವರು ಕೇಳಿದಾಗ ಇಳಿದಿದ್ದ ಮಚ್ಚುಗಳಲ್ಲಿ ಎರಡು ಮತ್ತೆ ಮೊಣಕಾಲಿನವರೆಗೆ ಬಂದವು. ಫಲಾನಿಕೊ ಬಾಯಿ ತೆರೆದ. ದೊಡ್ಡಪ್ಪ ಅದಕ್ಕಿಂತ ಮುಂಚೆ ತೆರೆದರು. ಈ ಬಡವನಿಗೆ ದೇವರು ಕೊಟ್ಟ ಎರಡು ಕಣ್ಣು ಸಾಲದೆ ಗಾಜಿನ ಕಣ್ಣೊಂದನ್ನು ಕಟ್ಟಿಕೊಂಡಿದ್ದ, ಅದರಲ್ಲಿ ಲೋಕ ನೋಡುತ್ತ ದಾರಿ ನೋಡದೆ ಹೋದ, ಆ ಕಣ್ಣನ್ನು ಕಿತ್ತು ತಮ್ಮ ಪಾದಕ್ಕೆ ಒಪ್ಪಿಸಲು ಹೊತ್ತು ತಂದಿದ್ದಾನೆ ಎಂದರು. ಒಡೆಯರಿಗೆ ಮಾತು ಹಿಡಿಸಿತು. ಕ್ಯಾಮೆರಾವನ್ನು ಎತ್ತಿ, ಅದರ ಪಟ್ಟಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಇಪ್ಪತ್ತೆಂಟು ಕಂಬದ ಮನೆಯ ಮುನ್ನೂರ ಹತ್ತು ಚಿತ್ರಗಳು, ಎಲ್ಲ ನಡುಗಿದವು, ಅವರ ಎದೆಯ ಮೇಲೆ ತೂಗಾಡುತ್ತ ಒಳಗೆ ಹೋದವು. ಆ ವರ್ಷ ನಮ್ಮೂರ ಗೋಡೆಗಳ ಮೇಲೆ ಹನ್ನೊಂದೇ ತಿಂಗಳು.

ಊಟಕ್ಕೆ ಕೂತೆವು. ಹಂದಿ, ಕೆಸುವಿನ ಗಡ್ಡೆ, ತೆಂಗಿನ ಹಾಲಿನಲ್ಲಿ ಬೆಂದ ಸೊಪ್ಪು, ಡಬ್ಬಿ ಮೀನು. ಪಾದ್ರಿಗಳು ತಮ್ಮ ಮನೆಯಿಂದ ಸುಟ್ಟ ದೀವಿಹಲಸು ಕಳಿಸಿದ್ದರು. ಎಸೆಕಿಯಾ ಅದನ್ನು ಮುಟ್ಟಲಿಲ್ಲ. ಫಲಾನಿಕೊನನ್ನು ಅವನ ಪಕ್ಕದಲ್ಲೇ ಕೂರಿಸಿದ್ದರು. ಜೀವ ಉಳಿದ ಮನುಷ್ಯನಿಗೆ ಹಸಿವು ಬರುತ್ತದೆ, ಹಸಿವು ತೀರಿದವನಿಗೆ ಮಾತು ಬರುತ್ತದೆ. ಹೇಗಾಯಿತಪ್ಪ ಅದು ಎಂದು ಮಚ್ಚಿನವನೊಬ್ಬ ಸ್ನೇಹದಿಂದ ಕೇಳಿದಾಗ ಫಲಾನಿಕೊ ಸುಮ್ಮನಿರಬಹುದಿತ್ತು. ನೀಲಿ ಪಿಕಪ್ಪು ಎಂದ. ಮಳೆ ಬರುತ್ತಿತ್ತು ಎಂದ. ಎಸೆಕಿಯಾ ಅವನ ತೊಡೆ ಜಿಗುಟಿದ. ಮಳೆ ನಿಂತಿತ್ತು ಎಂದ. ಇನ್ನೊಬ್ಬರು ಕೇಳುವ ಹೊತ್ತಿಗೆ ಪಿಕಪ್ಪಿನ ಒಂದು ದೀಪ ಹೋಗಿತ್ತು, ಹಿಂದೆ ಸಿಮೆಂಟು ಹೇರಿತ್ತು, ಬ್ರೇಕು ಹಿಡಿದಿರಲಿಲ್ಲ. ಸಿಮೆಂಟಿನ ಮಾತು ಬಂದಾಗ ಒಡೆಯರು ತಿನ್ನುವುದನ್ನು ನಿಲ್ಲಿಸಿ ಒಮ್ಮೆ ನೋಡಿದರು. ನಾನು ಕೈಯಲ್ಲಿದ್ದ ಗಡ್ಡೆಯನ್ನು ಎಲೆಗೆ ಇಳಿಸಿದೆ. ಒಂದು ಎಳೆ ಸಡಿಲಾದರೆ ಇಡೀ ಚಾಪೆ ಬಿಚ್ಚಿಕೊಳ್ಳುತ್ತದೆ. ಹೊರಗೆ ಮಚ್ಚುಗಳು ಕಂಬಕ್ಕೆ ಒರಗಿದ್ದವು, ಒರೆಯಲ್ಲಿರಲಿಲ್ಲ.

ಅಷ್ಟರಲ್ಲಿ ವೈಸಿನಾದ ಪಾದ್ರಿಗಳು ಕೈತೊಳೆದು ಮಾತಿಗೆ ಕೂತರು. ವಯಸ್ಸಾದವರು, ಒಳ್ಳೆಯವರು, ಬೆಳಗಿನಿಂದ ಮೂರು ಸಲ ಅತ್ತಿದ್ದರು. ನಲವತ್ತು ವರ್ಷದಿಂದ ಕ್ಷಮೆಯ ಬಗ್ಗೆ ಉಪದೇಶ ಮಾಡಿದ್ದೇನೆ, ಕಣ್ಣಾರೆ ಕಂಡದ್ದು ಇಂದೇ, ಎಂದರು. ಆಮೇಲೆ ಫಲಾನಿಕೊನ ಕಡೆ ತಿರುಗಿ ಅವನ ಕೈ ಹಿಡಿದುಕೊಂಡರು.

“ಮಗಾ, ಈ ಭಾನುವಾರ ಚರ್ಚಿಗೆ ಬಾ. ಪೀಠದ ಮುಂದೆ ನಿಂತ್ಕೊ, ಎಸೆಕಿಯಾ ಪಕ್ಕದಲ್ಲಿ ನಿಲ್ಲಲಿ. ಸತ್ಯವೇದದ ಮೇಲೆ ಕೈ ಇಟ್ಟು, ಆ ಸಂಜೆ ಏನಾಯ್ತೋ ಮೊದಲಿಂದ ಕೊನೇವರೆಗೂ ಸಭೆಗೆ ಹೇಳು. ನಮ್ಮ ಊರು ಉದ್ಧಾರ ಆಗುತ್ತೆ.”

ಎಸೆಕಿಯಾನ ಕೈಯಲ್ಲಿದ್ದ ಹಂದಿಯ ತುಂಡು ಎಲೆಗೆ ಬಿತ್ತು. ದೊಡ್ಡಪ್ಪ ಮಾತಿಗೆಂದು ಬಾಯಿ ತೆರೆದರು. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಒಳಗಿಂದ ಏನೂ ಬರಲಿಲ್ಲ. ಒಡೆಯರು ನೋಡುತ್ತಿದ್ದರು. ಮಚ್ಚಿನ ಹನ್ನೊಂದು ಜನವೂ ನೋಡುತ್ತಿದ್ದರು. ಹೂಂ ಎನ್ನು ಎಂದು ಲೆಪೆಕಾ ಮೊಣಕೈಯಲ್ಲಿ ತಿವಿದಳು. ಫಲಾನಿಕೊ ಮಚ್ಚುಗಳನ್ನು ನೋಡಿದ. ಆಮೇಲೆ ಬಯಲಿನಾಚೆ ಬೆಳ್ಳಗೆ ನಿಂತಿದ್ದ ಚರ್ಚನ್ನು ನೋಡಿದ. ಅವನ ಮುಖದಲ್ಲಿ ಬೆಳಗಿನಿಂದ ಇಲ್ಲದಿದ್ದ ಬೇರೆಯೇ ಒಂದು ಭಯ ಕಂಡಿತು. ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ.

“ಇಲ್ಲ ಪಾದ್ರಿಗಳೇ,” ಎಂದ. “ಅಲ್ಲಿ ನಿಂತು, ಸತ್ಯವೇದದ ಮೇಲೆ ಕೈ ಇಟ್ಟು ಹೇಳಲ್ಲ.”